ಐದೂ ತೊಟ್ಟರೆ ಸಿಗುವ ವರ

ನನ್ನ ನಾದಿನಿಯ ಕೆಲಸ ಏನೆಂದು ಯಾರಾದರೂ ಕೇಳಿದರೆ ನಮ್ಮತ್ತೆ, “ಆಟದವರ ಬಟ್ಟೆಬರೆ ನೋಡ್ಕೊಳ್ತಾಳೆ” ಎನ್ನುತ್ತಿದ್ದರು. ಪೂರ್ತಿ ಸುಳ್ಳಲ್ಲ. ಸಾವಿರಾರು ಜನ ಕಂಪ್ಯೂಟರಿನಲ್ಲಿ ಒಟ್ಟಿಗೆ ಆಡುವ ಯುದ್ಧದ ಆಟವೊಂದರಲ್ಲಿ ಯಾವ ಕತ್ತಿಗೆ, ಯಾವ ಕವಚಕ್ಕೆ ಎಷ್ಟು ಶಕ್ತಿ ಇರಬೇಕೆಂದು ತೂಗಿ ನೋಡುವವಳು ಅವಳು. ಶಿರಸ್ತ್ರಾಣ, ಕವಚ, ಕೈಗವಸು, ಸೊಂಟಪಟ್ಟಿ, ಪಾದರಕ್ಷೆ ಸೇರಿದರೆ ಒಂದು ಸೆಟ್. ಐದೂ ತೊಟ್ಟರೆ ಮಾತ್ರ ಒಂದು ವರ. ಒಂದೇ ಸೆಟ್ಟಿನ ವರ ಅತಿಯಾದರೆ ಎಲ್ಲರೂ ಅದನ್ನೇ ತೊಡುತ್ತಾರೆ, ಉಳಿದವು ಮೂಲೆ ಸೇರುತ್ತವೆ. ಹಾಗಾಗದಂತೆ ಕಾಯಬೇಕು.

ಲಕ್ವ ಹೊಡೆದು ಬಲಗೈ ಬಿದ್ದಮೇಲೆ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟಿದ್ದರು. ನಾದಿನಿಯೇ ಅವರಿಗೆ ಆ ಆಟ ಕಲಿಸಿ, ವೈದ್ಯರ ಸೆಟ್ ತೊಡಿಸಿದಳು. ಅದನ್ನು ತೊಟ್ಟವರ ಹತ್ತಿರ ನಿಂತವರ ಗಾಯ ತಾನಾಗಿ ಮಾಯುತ್ತದೆ. ಅತ್ತೆ ಎಡಗೈಯಲ್ಲಿ ಆಟದೊಳಗಿನ ತಮ್ಮ ಬೊಂಬೆಗೆ ಹೆಜ್ಜೆ ಹಾಕಿಸಿದರೆ ಸಾಕು. ಒಬ್ಬ ಬಸ್ ಡ್ರೈವರ್, ಒಬ್ಬಳು ನರ್ಸ್ ತಂಡದ ಗೆಳೆಯರಾದರು. ಅತ್ತೆಯನ್ನು ವೈದ್ಯಮ್ಮ ಎಂದೇ ಕರೆದರು. ಮನೆಯಲ್ಲಿ ಮತ್ತೆ ಅತ್ತೆಯ ನಗು ಕೇಳಿಸಿತು. ನಾನು ದೇವರಿಗೆ ಕೈಮುಗಿದೆ.

ಅಷ್ಟರಲ್ಲಿ ನಾದಿನಿಯ ಕಂಪನಿಗೆ ದೂರುಗಳು ಬಂದವು. ಒಂದು ತಂಡದಲ್ಲಿ ಇಬ್ಬರು ಆ ಸೆಟ್ ತೊಟ್ಟರೆ ಯಾರೂ ಸಾಯುವುದೇ ಇಲ್ಲ, ಎದುರಾಳಿಗಳು ಬೇಸತ್ತು ಆಟ ಬಿಡುತ್ತಿದ್ದಾರೆ ಎಂದು.

“ವರ ಅರ್ಧ ಮಾಡ್ಲೇಬೇಕು ಅತ್ತಿಗೆ,” ಎಂದಳು ನಾದಿನಿ, ಚಹಾ ಮುಟ್ಟದೆ.

“ಅಮ್ಮನಿಗೆ ಹೇಳಿದ್ಯಾ?”

“ಬದಲಾವಣೆ ಬರೋಕೆ ಮುಂಚೆ ಹೊರಗಿನವರ ಹತ್ರ ಬಾಯಿ ಬಿಡೋ ಹಾಗಿಲ್ಲ. ಈ ವಿಷಯದಲ್ಲಿ ಅಮ್ಮನೂ ಹೊರಗಿನವಳೇ.”

“ಮತ್ತೆ ನಾನು?”

“ನೀವು ಗೋಡೆ ಇದ್ದ ಹಾಗೆ. ಕೇಳಿಸ್ಕೊಳ್ತೀರ, ಹೇಳಲ್ಲ.”

ಬದಲಾವಣೆ ಬಂದ ದಿನ ಅತ್ತೆಯ ತಂಡ ಮೊದಲ ಕಾಳಗದಲ್ಲೇ ನೆಲಕಚ್ಚಿತು. “ಏನ್ ವೈದ್ಯಮ್ಮ, ತೂಕಡಿಸಿದ್ರಾ?” ಎಂದು ಸ್ಪೀಕರಿನಲ್ಲಿ ಡ್ರೈವರ್ ನಕ್ಕ. ಮತ್ತೆ ಮತ್ತೆ ಸೋತಾಗ ನಗಲಿಲ್ಲ. “ಬೇರೆ ಯಾರನ್ನಾದ್ರೂ ಹುಡುಕೋಣ್ವಾ?” ಎಂದು ನರ್ಸನ್ನು ಕೇಳಿದ್ದು ಅತ್ತೆಗೂ ಕೇಳಿಸಿತು.

“ಇದನ್ನ ಕೆಡಿಸಿದವನ ಕೈ ನನ್ನ ಕೈ ಥರಾನೇ ಬಿದ್ದೋಗ್ಲಿ!” ಎಂದರು.

ನಾದಿನಿ ಬಾಗಿಲಲ್ಲೇ ನಿಂತಿದ್ದಳು. “ಆ ಕೈ ನಂದೇ ಅಮ್ಮ.”

ಅತ್ತೆಯ ಮುಖ ಬಿಳಿಚಿತು. “ಬಿಡ್ತು, ಬಿಡ್ತು!” ಎನ್ನುತ್ತ ಎಡಗೈ ಚಾಚಿ ಮಗಳ ಕೈ ಹಿಡಿದುಕೊಂಡರು. ಆಮೇಲೆ ಸಿಟ್ಟು ಮರಳಿತು. “ಗೊತ್ತಿದ್ದೂ ಮಾಡಿದ್ಯಲ್ಲೇ?”

“ನಿನಗೋಸ್ಕರ ಬಿಟ್ಟಿದ್ರೆ ಉಳಿದವರಿಗೆ ಮೋಸ.”

“ಹಾಗಾದ್ರೆ ಕೂತ್ಕೊಂಡು ನೋಡು, ನಿನ್ನ ನ್ಯಾಯ ಹೇಗಿದೆ ಅಂತ.”

ನಾದಿನಿ ಕೂತು ನೋಡಿದಳು. ಪರೀಕ್ಷಿಸುವಾಗ ಅವಳು ಎರಡೂ ಕೈಯಲ್ಲಿ ಆಡಿದ್ದಳು. ವರ ಅರ್ಧವಾದರೂ ಬೇರೆ ಮಂತ್ರಗಳ ಗುಂಡಿ ಒತ್ತಿ ಸರಿದೂಗಿಸಿದ್ದಳು. ಒಂದೇ ಕೈಯವರಿಗೆ ಆ ವರ ಬಿಟ್ಟರೆ ಗತಿಯಿಲ್ಲ ಎನ್ನುವುದು ಹೊಳೆದಿರಲೇ ಇಲ್ಲ. ಇಬ್ಬರು ತೊಟ್ಟಾಗ ಅದು ದುಪ್ಪಟ್ಟಾಗುವುದನ್ನಷ್ಟೇ ತಡೆದಿದ್ದರೆ ಸಾಕಿತ್ತು.

ಕೆಲವು ದಿನಗಳಲ್ಲಿ ಹೊಸ ನಿಯಮ ಬಂತು. ವರ ಮೊದಲಿನಷ್ಟೇ, ಆದರೆ ತಂಡಕ್ಕೆ ಒಬ್ಬರದು ಮಾತ್ರ ಫಲಿಸುತ್ತದೆ. ಈ ನಡುವೆ ತಂಡ ಉಳಿಸಲೆಂದು ನರ್ಸೂ ಕತ್ತಿ ಬಿಟ್ಟು ಅದೇ ಸೆಟ್ ತೊಟ್ಟಿದ್ದಳು. ಈಗ ಇಬ್ಬರಲ್ಲಿ ಒಬ್ಬರು ಬಿಚ್ಚಬೇಕು. ಎರಡು ಕೈ ಇರುವವಳನ್ನು ಬಿಟ್ಟು ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದುಕೊಂಡು ಅತ್ತೆ ತಾವೇ ಬಿಚ್ಚಲು ಹೊರಟರು.

“ನಾನೇ ಬಿಚ್ತೀನಪ್ಪ,” ಎಂದಳು ನರ್ಸ್. “ದಿನವಿಡೀ ವಾರ್ಡಿನಲ್ಲಿ ಗಾಯ ತೊಳೆಯೋದು, ಇಲ್ಲೂ ಅದೇನಾ? ನನಗೆ ಯಾರಿಗಾದ್ರೂ ನಾಲ್ಕೇಟು ಹಾಕ್ಬೇಕು.”

“ಹಾಕು ಮಗಳೇ! ಹಿಂದೆ ತಿರುಗಬೇಡ, ನಾನಿದ್ದೀನಿ!” ಎಂದು ಅತ್ತೆ ಕೂಗಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು.