ಮೇಲಿನ ಗಾರೆಗೆ ನೀರು

ಸಾಗರದಲ್ಲಿ ಕಟ್ಟಿಸುತ್ತಿರುವ ನಮ್ಮ ಮನೆಯ ಹೊಸ ಗಾರೆಗೆ ಇವತ್ತು ಸ್ಟೂಲ್ ಹತ್ತಿ ಪೈಪು ಹಿಡಿದೆ. ಒದ್ದೆ ಸಿಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಸನಗರದ ಹಳೇ ಅಂಗಳ ಕಣ್ಣೆದುರು ಬಂತು.

ಕಾಂಪೌಂಡ್ ಗೋಡೆಗೆ ಗಾರೆ ಮಾಡಿ ಮುಗಿಸಿದ ಶೇಷಪ್ಪ ಮೇಸ್ತ್ರಿ ಕರಣೆ ತೊಳೆಯುತ್ತ ನನಗೆ ಹೇಳಿದ್ದರು: "ಪುಟ್ಟಿ, ಇದು ಎಳೇ ಮಗು ಇದ್ದಂಗೆ. ಒಂದು ವಾರ ಬೆಳಿಗ್ಗೆ ಸಂಜೆ ನೀರು ಕುಡಿಸ್ಬೇಕು. ಸ್ಟೂಲ್ ಹತ್ತಿ ಮೇಲಿಂದ ಹಾಕು."

ಬೇಸಿಗೆ ರಜೆ, ಆಟದ ಅವಸರ. ನಾನು ಸ್ಟೂಲ್ ಹತ್ತಲೇ ಇಲ್ಲ. ಕೈಗೆಟುಕಿದಷ್ಟಕ್ಕೆ ಚೊಂಬಿನಲ್ಲಿ ನೀರೆರಚಿ ಓಡುತ್ತಿದ್ದೆ. ಅಪ್ಪ ಕೇಳಿದಾಗಲೆಲ್ಲ "ಪೂರ್ತಿ ಹಾಕಿದೀನಿ" ಎನ್ನುತ್ತಿದ್ದೆ.

ಕೆಲವೇ ದಿನಗಳಲ್ಲಿ ಗೋಡೆಯ ಮೇಲರ್ಧ ಜೇಡರ ಬಲೆಯಂತೆ ಬಿರುಕು ಬಿಟ್ಟಿತು. ಅಪ್ಪ ಶೇಷಪ್ಪನವರನ್ನು ಕರೆಸಿ, ಸಿಮೆಂಟು ಕದ್ದಿದ್ದೀಯ ಎಂದು ಕೂಗಾಡಿದರು. ಮೇಸ್ತ್ರಿ ಗೋಡೆ ಸವರಿ ನೋಡಿ, "ಕೆಳಗೆ ಸರಿಯಾಗೇ ಇದೆಯಲ್ಲ ಅಯ್ಯಾ. ಮೇಲೆ ನೀರು ಬಿದ್ದಿಲ್ಲ" ಎಂದರು.

"ನನ್ನ ಮಗಳು ಸುಳ್ಳು ಹೇಳಲ್ಲ."

ಮೇಸ್ತ್ರಿ ನನ್ನತ್ತ ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ನಮ್ಮ ಬೀದಿಗೇ ಕೆಲಸಕ್ಕೆ ಬರಲಿಲ್ಲ.

"ಪೈಪ್ ಇರುವಾಗ ಸ್ಟೂಲ್ ಯಾಕೆ ಅಕ್ಕಾ? ಇಳೀರಿ" ಎಂದು ಈಗಿನ ಮೇಸ್ತ್ರಿ ನಕ್ಕ.

ನಾನು ಇಳಿಯಲಿಲ್ಲ.