ಸ್ಮಾರ್ಟ್ ಬೋರ್ಡಿನ ಮುಂದೆ ಗಣಿತದ ಮೇಡಂ

ಹರಿಹರದ ನಮ್ಮ ಸರ್ಕಾರಿ ಪ್ರೌಢಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಾಗ ನಾನು ಅಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬೆರಳಿನಿಂದಲೋ ಜೊತೆಗೆ ಕೊಟ್ಟ ಪೆನ್ನಿನಿಂದಲೋ ಮುಟ್ಟಿದರೆ ಗೆರೆ ಮೂಡುವ ದೊಡ್ಡ ಪರದೆ ಅದು. ದಾವಣಗೆರೆಯಲ್ಲಿ ನಡೆದ ಎರಡು ದಿನದ ತರಬೇತಿಗೆ ನನ್ನನ್ನು ಕಳಿಸಿದ್ದರು. ವಾಪಸು ಬಂದು ಉಳಿದವರಿಗೆ ಹೇಳಿಕೊಡುವ ಕೆಲಸವೂ ನನ್ನದೇ.

ಗಣಿತದ ಮೇಡಂಗೆ ನಾನು ಹೇಳಿಕೊಡಲಿಲ್ಲ. ಅವರು ನಾನು ಹೈಸ್ಕೂಲಿನಲ್ಲಿದ್ದಾಗ ನನಗೇ ಪಾಠ ಮಾಡಿದವರು. ದಾವಣಗೆರೆಯ ವಿದ್ಯಾನಗರದಿಂದ ದಿನಾ ಒಂದೇ ಬಸ್ಸಿಗೆ ಬರುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ಎರಡು ಸಲ ಕೇಳಿದರು: "ಒಂದೀಟು ತೋರ್ಸವ್ವ, ಕೈಗೆ ರೂಢಿ ಆಗ್ಲಿ." ಎರಡು ಸಲವೂ ಉತ್ತರಪತ್ರಿಕೆ ತಿದ್ದುವ ನೆಪ ಹೇಳಿದೆ. "ಏನಿಲ್ರಿ ಮೇಡಂ, ಭಾಳ ಸುಲಭ ಐತೆ" ಅಂದುಬಿಟ್ಟೆ.

ಹೊಸ ಬೋರ್ಡಿನ ಮೇಲೆ ಪಾಠ ಹೇಗೆ ನಡೆಯುತ್ತದೆಂದು ನೋಡಲು ಇಲಾಖೆಯಿಂದ ಇಬ್ಬರು ಬಂದ ದಿನ, ಎಂಟನೇ ತರಗತಿಯಲ್ಲಿ ಗಣಿತದ ಪಿರಿಯಡ್ ಇತ್ತು. ಹೆಡ್‌ಮಾಸ್ಟರೂ ನಾನೂ ಬಂದವರ ಜೊತೆ ಗೋಡೆ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಮೇಡಂ ಪೆನ್ ಹಿಡಿದು ತ್ರಿಭುಜ ಬರೆಯಲು ಹೋದರು. ಸೆರಗು ಪರದೆಗೆ ತಗಲಿತು. ಪರದೆ ಅದನ್ನೂ ಬೆರಳೆಂದು ತಿಳಿದು ಅಡ್ಡ ಗೆರೆ ಎಳೆಯಿತು. ಅವರು ಕರಿಹಲಗೆಯ ಮೇಲೆ ಒರೆಸುವಂತೆ ಅಂಗೈಯಿಂದ ಒರೆಸಿದರು. ಬರೆದದ್ದೆಲ್ಲ ಅಳಿಸಿಹೋಯಿತು. ಮಕ್ಕಳು ನಕ್ಕರು. ಹೆಡ್‌ಮಾಸ್ಟರ್ ನನ್ನ ಕಡೆ ನೋಡಿದರು.

ನಾನು ಎದ್ದು ಹೋಗಿ ಅವರ ಕೈಯಿಂದ ಪೆನ್ ಕಸಿದುಕೊಂಡೆ. "ಬಿಡ್ರಿ ಮೇಡಂ, ನಿಮಗೆ ಆಗಲ್ಲ ಇದು."

ಎರಡೇ ನಿಮಿಷದಲ್ಲಿ ತ್ರಿಭುಜ ಬರೆದು ಮೂರು ಕೋನಕ್ಕೂ ಬಣ್ಣ ತುಂಬಿದೆ. ಬಂದವರು ಚಪ್ಪಾಳೆ ತಟ್ಟಿದರು. ಮೇಡಂ ಹಿಂದಿನ ಬೆಂಚಿನ ತುದಿಯಲ್ಲಿ ಹುಡುಗಿಯರ ಪಕ್ಕ ಹೋಗಿ ಕೂತಿದ್ದರು.

ಸಂಜೆ ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕೂತೆ. "ತಪ್ಪಾತ್ರಿ ಮೇಡಂ. ಸಾಹೇಬ್ರು ಕುಂತಿದ್ರಲ್ಲ, ಗಾಬ್ರಿ ಆಗಿಬಿಡ್ತು."

"ಸಾಹೇಬ್ರು ಹೋಗ್ತಾರೆ. ನಾಳೆ ಆ ಮಕ್ಳ ಮುಂದ ನಾನು ನಿಲ್ಬೇಕಲ್ಲ, ನೀವೇ ಹೇಳ್ರಿ," ಎಂದರು.

ನಾವಿಬ್ಬರೇ ಮಾತಾಡುವಾಗ ಅವರು ನನ್ನನ್ನು ನೀವು ಎಂದದ್ದು ಅದೇ ಮೊದಲು.

ಒಂದು ವಾರ ಕಳೆದಿರಬೇಕು. ವರಾಂಡದಲ್ಲಿ ಹೋಗುತ್ತಿದ್ದೆ. ಮೇಡಂ ಕರಿಹಲಗೆಯ ಮೇಲೆ ಲೆಕ್ಕ ಮಾಡುತ್ತ ಒಂದು ಅಂಕಿ ತಪ್ಪು ಬರೆದು ಅಳಿಸುತ್ತಿದ್ದರು. ಹಿಂದಿನ ಬೆಂಚಿನಿಂದ ಯಾರೋ ನನ್ನದೇ ಧಾಟಿಯಲ್ಲಿ, "ಬಿಡ್ರಿ ಮೇಡಂ, ನಿಮಗೆ ಆಗಲ್ಲ" ಎಂದರು. ತರಗತಿಗೆ ತರಗತಿಯೇ ನಕ್ಕಿತು. ಒಳಗೆ ಹೋಗಿ ಗದರಬೇಕಿತ್ತು. ಯಾವ ಮುಖ ಇಟ್ಟುಕೊಂಡು ಗದರಲಿ? ಸ್ಟಾಫ್ ರೂಮಿಗೆ ನಡೆದೆ.

ಆ ವರ್ಷವೇ ಅವರು ವರ್ಗಾವಣೆಗೆ ಅರ್ಜಿ ಹಾಕಿದರು. ದಾವಣಗೆರೆಯಲ್ಲೇ ಶಾಲೆ ಸಿಕ್ಕಿತು. ಮನೆಗೆ ಹತ್ತಿರವೆಂದು ಹೋದರು ಅಂತ ಎಲ್ಲರೂ ಅಂದರು. ನಾನೂ ಹೂಂ ಅಂದೆ. ಹೊಸಬರು ಬರುವವರೆಗೆ ಎಂಟನೆಯವರ ಗಣಿತ ನನ್ನ ಪಾಲಿಗೆ ಬಂತು.

ಗುತ್ತೂರಿನಿಂದ ಬರುವ ಹುಡುಗಿಯೊಬ್ಬಳು ಒಂದಿನ ಎದ್ದು ನಿಂತು, "ಮೈನಸ್ಸಿಗೆ ಮೈನಸ್ ಗುಣಿಸಿದ್ರೆ ಪ್ಲಸ್ ಯಾಕ ಆಗ್ತೈತ್ರಿ?" ಎಂದು ಕೇಳಿದಳು. ಪರದೆಯ ಮೇಲೆ ನಿಯಮವೇನೋ ಇತ್ತು, ಯಾಕೆ ಎಂಬುದು ಇರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಬಿಡುವಿನಲ್ಲಿ ಮೇಡಂಗೆ ಫೋನ್ ಮಾಡಿದೆ. ಅವರು ಬೇಸರಿಸಿಕೊಳ್ಳಲಿಲ್ಲ. "ಮೈನಸ್ ಎರಡನ್ನ ಮೂರರಿಂದ ಗುಣಿಸ್ರಿ, ಆಮೇಲೆ ಎರಡು, ಒಂದು, ಸೊನ್ನೆ. ಉತ್ತರ ಪ್ರತಿ ಸಲ ಎರಡೆರಡು ಏರ್ತೈತೆ. ಸೊನ್ನೆ ದಾಟಿ ಮೈನಸ್ ಒಂದರಿಂದ ಗುಣಿಸಿದ್ರೆ ಎಲ್ಲಿಗೆ ಹೋಗ್ತೈತೆ ಅಂತ ಮಕ್ಳನ್ನೇ ಕೇಳ್ರಿ, ನೀವು ಹೇಳಬ್ಯಾಡ್ರಿ." ಕೊನೆಗೆ, "ಮತ್ತೇನಾದ್ರೂ ಐತಾ?" ಎಂದರು. ಇತ್ತು. ಇಲ್ರಿ ಎಂದೆ.

ಮರುದಿನ ಹಾಗೆಯೇ ಮಾಡಿದೆ. ಆ ಹುಡುಗಿಯೇ ಮೊದಲು ಉತ್ತರ ಹೇಳಿದಳು. ಮಕ್ಕಳು ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು. ಇದನ್ನು ಹೇಳಿಕೊಟ್ಟವರು ಯಾರೆಂದು ನಾನು ಅವರಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ, ನನಗೆ ಇನ್ನೂ ತಿಳಿದಿಲ್ಲ.