ಎಡಗಾಲಿನ ಸದ್ದು

2018ರಲ್ಲಿ ನಾನು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಭರತನಾಟ್ಯ ಶಾಲೆ ನಡೆಸುತ್ತಿದ್ದೆ. ಶಾಲೆ ಎಂದರೆ ನಮ್ಮ ಮನೆಯ ಕೆಳಗಿನ ಒಂದು ಉದ್ದನೆಯ ಕೋಣೆ, ಅಷ್ಟೇ. ಅದರ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿತ್ತು. ನಾನು ಕಲಿತದ್ದೂ ಅಂಥದೇ ನೆಲದ ಮೇಲೆ. ಹೆಜ್ಜೆ ಬಿದ್ದರೆ ಕಲ್ಲಿಗೆ ಕೇಳಿಸಬೇಕು ಎನ್ನುತ್ತಿದ್ದರು ನಮ್ಮ ಗುರುಗಳು. ಆ ಮಾತನ್ನು ನಾನು ನನ್ನದೇ ಎಂಬಂತೆ ಇಪ್ಪತ್ತೆರಡು ವರ್ಷ ಮಕ್ಕಳ ಮೇಲೆ ಹೇರಿದ್ದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬುದು ಕಾಲೋನಿಗೆಲ್ಲ ಗೊತ್ತಿತ್ತು. ಹಾಗಿದ್ದೂ ತಾಯಂದಿರು ಮಕ್ಕಳನ್ನು ತಂದು ಬಿಡುತ್ತಿದ್ದರು, ಅದೇ ನನ್ನ ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ಸುಜಾತಾ ಕಮಲಾಪುರದ ಹುಡುಗಿ. ತಾಯಿ ಶಾಂತಾಬಾಯಿ ಅಲ್ಲಿಯೇ ಅಂಗನವಾಡಿ ಕಾರ್ಯಕರ್ತೆ, ತಂದೆ ಇರಲಿಲ್ಲ. ಒಂಬತ್ತನೆಯ ವಯಸ್ಸಿನಿಂದ ಪ್ರತಿ ಶನಿವಾರ, ಭಾನುವಾರ ಬಸ್ಸು ಹಿಡಿದು ಬರುತ್ತಿದ್ದಳು. ಕೆಲವೊಮ್ಮೆ ಊರಿನ ಕೆಂಪು ಬಾಳೆಹಣ್ಣು ತಂದು, ಮಾತಿಲ್ಲದೆ ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಅವಳ ಅರಮಂಡಿ, ಅಂದರೆ ಮಂಡಿಗಳನ್ನು ಎರಡು ಬದಿಗೆ ತೆರೆದು ಅರ್ಧ ಕೂರುವ ನಿಲುವು, ನೋಡುವಂತಿತ್ತು. ನಾನು ಯಾರನ್ನೂ ಹೊಗಳುವವಳಲ್ಲ. ಅವಳನ್ನೂ ಹೊಗಳಲಿಲ್ಲ. ಆದರೆ ಉಳಿದ ಮಕ್ಕಳಿಗೆ ಅವಳನ್ನು ತೋರಿಸಿ ಬೈಯುತ್ತಿದ್ದೆ, ನನ್ನಿಂದ ಸಿಗುವ ಹೊಗಳಿಕೆ ಅದೇ ಎಂದು ಅವಳಿಗೆ ಗೊತ್ತಿತ್ತು.

ಆ ವರ್ಷ ಅವಳಿಗೆ ಹದಿನೇಳು. ಡಿಸೆಂಬರಿನಲ್ಲಿ ಅವಳ ರಂಗಪ್ರವೇಶ ನಿಶ್ಚಯವಾಗಿತ್ತು. ಎರಡು ಗಂಟೆ ಒಬ್ಬಳೇ ರಂಗದ ಮೇಲೆ ಕುಣಿದು, ತಾನು ನರ್ತಕಿ ಎಂದು ತೋರಿಸಿಕೊಡುವ ಮೊದಲ ಕಾರ್ಯಕ್ರಮ ಅದು. ನನ್ನ ಶಾಲೆಯಿಂದ ಕಮಲಾಪುರದ ಹುಡುಗಿಯೊಬ್ಬಳು ಅಲ್ಲಿಯವರೆಗೆ ಬಂದದ್ದು ಅದೇ ಮೊದಲು. ಸೆಪ್ಟೆಂಬರಿನಿಂದ ಅಭ್ಯಾಸ ಹೆಚ್ಚಿಸಿದೆ. ವಾರಕ್ಕೆ ಎರಡು ದಿನ ಇದ್ದದ್ದು ಐದು ದಿನವಾಯಿತು, ದಿನಕ್ಕೆ ಮೂರು ಗಂಟೆ. ಕಾಲೇಜು ಮುಗಿಸಿ ಬಂದು, ಕುಣಿದು, ಸಂಜೆಯ ಬಸ್ಸಿಗೆ ಓಡುತ್ತಿದ್ದಳು.

ಅಕ್ಟೋಬರಿನಲ್ಲಿ ಅವಳ ಹೆಜ್ಜೆಯ ಸದ್ದು ಬದಲಾಯಿತು. ಗೋಡೆಯ ಕಡೆಗೆ ಮುಖ ಮಾಡಿ ಕುಳಿತರೂ ಯಾವ ಹುಡುಗಿಯ ಯಾವ ಕಾಲು ಎಂದು ಹೇಳಬಲ್ಲೆ ಎಂಬ ಹೆಮ್ಮೆ ನನ್ನದು. ಸುಜಾತಾಳ ಬಲಗಾಲು ಮೊದಲಿನಂತೆ ಬೀಳುತ್ತಿತ್ತು, ಎಡಗಾಲು ಒಂದು ಕೂದಲೆಳೆಯಷ್ಟು ಮೆತ್ತಗೆ ಬೀಳುತ್ತಿತ್ತು. ಅಲ್ಲಿಯವರೆಗೆ ನನ್ನ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತು. ಬುದ್ಧಿ ಮಾತ್ರ ಕೈಕೊಟ್ಟಿತು. ರಂಗಪ್ರವೇಶ ಗೊತ್ತಾದ ಮೇಲೆ ಹುಡುಗಿಗೆ ಸೋಮಾರಿತನ ಬಂದಿದೆ ಎಂದುಕೊಂಡೆ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಅಡವಿನಲ್ಲಿ, ಅಂದರೆ ಹೆಜ್ಜೆಗಳ ಜೋಡಣೆಯಲ್ಲಿ, ಒಂದು ಕಾಲು ತಪ್ಪಿದರೂ ಮತ್ತೆ ಮೊದಲಿನಿಂದ ಮೂರೂ ವೇಗದಲ್ಲಿ ಮಾಡಬೇಕು. ತಟ್ಟುಕೋಲಿನಿಂದ ಮಣೆಗೆ ಹೊಡೆದು ತಾಳ ಹಾಕುತ್ತ ಅವಳಿಂದ ಅದನ್ನೇ ಮಾಡಿಸಿದೆ. ಎಡಗಾಲಿಗಾಗಿ ಮತ್ತೆ, ಮತ್ತೆ.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಅವಳು ಬಾಗಿಲಲ್ಲಿ ನಿಂತಳು. “ಮೇಡಂ, ಎಡಗಾಲ್ ಭಾಳ ಬ್ಯಾನಿ ಆಗ್ಲಾಕತ್ತದರೀ. ರಾತ್ರಿ ನಿದ್ದಿ ಬರ್ತಿಲ್ಲ” ಎಂದಳು.

ನಾನು ಗೆಜ್ಜೆಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಿದ್ದೆ. ತಲೆ ಎತ್ತದೆಯೇ ಹೇಳಿದೆ: “ಬ್ಯಾನಿ ಇಲ್ಲದ ಕಾಲು ನರ್ತಕಿದಲ್ಲ. ನನ್ನ ಗುರುಗಳ ಮುಂದ ನಾ ಒಂದಿನಾನೂ ಹಿಂಗ ನಿಂತಿಲ್ಲ.”

ಅವಳು ತಲೆಯಾಡಿಸಿ ಹೋದಳು. ನಾನು ಹೇಳಿದ್ದು ನಿಜವೇ. ನನ್ನ ಗುರುಗಳ ಮುಂದೆ ನಾನು ನಿಲ್ಲಲಿಲ್ಲ, ಬಾಯಿ ಬಿಡಲಿಲ್ಲ. ಅದರ ಫಲವಾಗಿ ನಲವತ್ತಕ್ಕೇ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವ ಸ್ಥಿತಿಗೆ ಬಂದಿದ್ದೆ. ಆ ಭಾಗವನ್ನು ಮಾತ್ರ ಅವಳಿಗೆ ಹೇಳಲಿಲ್ಲ.

ರಂಗಪ್ರವೇಶಕ್ಕೆ ಎಂಟು ದಿನ ಉಳಿದಿತ್ತು. ಭಾನುವಾರ ಬೆಳಿಗ್ಗೆ ತಿಲ್ಲಾನದ, ಅಂದರೆ ಕಾರ್ಯಕ್ರಮದ ಕೊನೆಯ ಚುರುಕಿನ ನೃತ್ಯದ ಅಭ್ಯಾಸ ನಡೆದಿತ್ತು, ಮೂರನೆಯ ವೇಗ. ಒಂದು ಜಿಗಿತದಲ್ಲಿ ಎಡಗಾಲಿನ ಮೇಲೆ ಇಳಿದಳು. ಒಣ ಕಟ್ಟಿಗೆ ಮುರಿದಂಥ ಸದ್ದು ಕೇಳಿತು. ತಟ್ಟುಕೋಲೇ ಮುರಿಯಿತೇನೋ ಎಂದು ನಾನು ಮೊದಲು ನನ್ನ ಕೈ ನೋಡಿಕೊಂಡೆ. ಕೋಲು ನೆಟ್ಟಗಿತ್ತು. ಸುಜಾತಾ ಕಲ್ಲಿನ ಮೇಲೆ ಬಿದ್ದಿದ್ದಳು.

ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಎಲುಬಿನ ಡಾಕ್ಟರು ಎಕ್ಸ್‌ರೇ ಎತ್ತಿ ಹಿಡಿದು ವಿವರಿಸಿದರು. ಇದು ಬಿದ್ದು ಮುರಿದ ಎಲುಬಲ್ಲ, ಮುರಿದದ್ದರಿಂದ ಬಿದ್ದಿದ್ದಾಳೆ. ಗಟ್ಟಿ ನೆಲಕ್ಕೆ ಒಂದೇ ಕಡೆ ಸಾವಿರಾರು ಸಲ ಬಡಿದಾಗ ಎಲುಬಿನಲ್ಲಿ ಮೊದಲು ಕೂದಲಿನಂಥ ಬಿರುಕು ಹುಟ್ಟುತ್ತದೆ. ಇದಕ್ಕೆ ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಆಗಲೇ ಆರೆಂಟು ವಾರ ವಿಶ್ರಾಂತಿ ಕೊಟ್ಟಿದ್ದರೆ ತಾನಾಗಿಯೇ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚಿತ್ತು. ಈಗ ಒಳಗೆ ರಾಡ್ ಹಾಕಬೇಕು. ನಡೆಯುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ, ಆದರೆ ಹೆಜ್ಜೆ ಬಡಿಯುವ ನೃತ್ಯದ ಮಾತು ಇನ್ನು ಎತ್ತಬೇಡಿ ಎಂದರು. ಆಮೇಲೆ ಅವಳ ಕಡೆ ತಿರುಗಿದರು.

“ಎರಡು ತಿಂಗಳಿಂದ ಬ್ಯಾನಿ ಇದ್ದಿರಬೇಕಲ್ಲವಾ, ಯಾರಿಗರ ಹೇಳಿದ್ದೇನು?”

ಮಂಚದ ಒಂದು ಬದಿಗೆ ಶಾಂತಾಬಾಯಿ, ಇನ್ನೊಂದು ಬದಿಗೆ ನಾನು. ಸುಜಾತಾ ನನ್ನ ಮುಖ ನೋಡಿದಳು. “ಇಲ್ಲರೀ ಸರ್. ಯಾರಿಗೂ ಹೇಳಿಲ್ಲ” ಎಂದಳು.

ನಾನು ಸುಮ್ಮನಿದ್ದೆ. ಆ ಒಂದು ಕ್ಷಣದಲ್ಲಿ ಬಾಯಿ ಬಿಟ್ಟಿದ್ದರೆ ಈ ಕಥೆಯನ್ನು ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕಾಗಿರಲಿಲ್ಲ. ಮಕ್ಕಳು ಹೀಗೆಯೇ ಮುಚ್ಚಿಡುತ್ತಾರೆ ಎಂದು ಡಾಕ್ಟರು ನನಗೇ ಸಮಾಧಾನ ಹೇಳಿದರು. ನಾನು ತಲೆಯಾಡಿಸಿದೆ. ಅದಕ್ಕಿಂತ ನಾಚಿಕೆಗೇಡಿನ ಕೆಲಸ ನನ್ನ ವೃತ್ತಿಯಲ್ಲಿ ಇನ್ನೊಂದು ಮಾಡಿಲ್ಲ.

ಮನೆಗೆ ಬಂದು ಶಾಲೆಗೆ ಬೀಗ ಹಾಕಿದೆ. ಆಸ್ಪತ್ರೆಗೆ ಹಣ್ಣು ಕಳಿಸಿದೆ, ಫೋನಿನಲ್ಲಿ ವಿಚಾರಿಸಿದೆ, ಹೋಗಲು ಮಾತ್ರ ಆಗಲಿಲ್ಲ. ಕಮಲಾಪುರದ ಬಸ್ಸು ಹತ್ತಲು ನಾಲ್ಕು ತಿಂಗಳು ಬೇಕಾಯಿತು. ಮಗಳು ಒಳಗೆ ಮಲಗಿದ್ದಳು. ಶಾಂತಾಬಾಯಿ ನೀರು ಕೊಟ್ಟು ಎದುರಿಗೆ ಕುಳಿತರು. ಸುಜಾತಾ ಅಕ್ಟೋಬರಿನಲ್ಲೇ ನನಗೆ ಹೇಳಿದ್ದಳು, ನಾನೇ ಬೈದು ಕಳಿಸಿದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಮಾಫ್ ಮಾಡ್ರಿ ಎಂದೆ.

ಅವರು ಸಿಟ್ಟಾಗಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು: “ನಂಗ ಗೊತ್ತದರೀ ಮೇಡಂ. ನಿಮ್ಮ ಕಡೆ ಹೇಳಿದ ದಿನಾನೇ ಮನಿಗಿ ಬಂದು ಅತ್ತಿದ್ಳು. ನಾನೂ ಮೇಡಂ ಅಂದಂಗ ಮಾಡವಾ ಅಂದೆ. ದವಾಖಾನ್ಯಾಗ ನೀವು ಹೇಳ್ತೀರೇನೋ ಅಂತ ನೋಡ್ದೆ. ನೀವೂ ಹೇಳಲಿಲ್ಲ, ನಾನೂ ಹೇಳಲಿಲ್ಲ.”

ಇಬ್ಬರೂ ಅತ್ತೆವು. ಹೊರಡುವಾಗ ಸುಜಾತಾ ಗೋಡೆ ಹಿಡಿದು ಬಾಗಿಲವರೆಗೆ ಬಂದಳು. ಕ್ಲಾಸು ಯಾವಾಗ ಸುರು ಮಾಡುತ್ತೀರಿ ಎಂದು ಕೇಳಿದಳು, ತನ್ನ ಕಾಲಿನ ಮಾತು ಎತ್ತಲೇ ಇಲ್ಲ.

ಈಗ ನನ್ನ ಶಾಲೆಯ ಕಲ್ಲಿನ ಮೇಲೆ ಕಟ್ಟಿಗೆಯ ಹಲಗೆ ಇದೆ, ಪೆಟ್ಟು ಕಾಲಿಗೆ ತಾಗದೆ ಹಲಗೆಯೇ ನುಂಗಲಿ ಎಂದು ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಡಿಸಿದ್ದೇನೆ. ಹೆಜ್ಜೆಯ ಸದ್ದು ಮೊದಲಿನಷ್ಟು ಖಡಕ್ಕಾಗಿ ಕೇಳುವುದಿಲ್ಲ. ಸುಜಾತಾ ಕಮಲಾಪುರದ ಸಣ್ಣ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ನಟ್ಟುವಾಂಗಕ್ಕೆ, ಅಂದರೆ ಕುಳಿತು ತಾಳ ಹಾಕಲು ಬಾ ಎಂದು ಕರೆದಿದ್ದೆ. ಒಂದು ಭಾನುವಾರ ಬಂದು ತಟ್ಟುಕೋಲು ಹಿಡಿದಳು, ಅರ್ಧ ಗಂಟೆಗೆ ಅದನ್ನು ಕೆಳಗಿಟ್ಟು, ಆಗುವುದಿಲ್ಲ ಎಂದು ಹೋದಳು. ನಾನು ಮತ್ತೆ ಕರೆಯಲಿಲ್ಲ.

ಕುಣಿಯುವ ಮೊದಲು ನಮ್ಮ ಮಕ್ಕಳು ನೆಲ ಮುಟ್ಟಿ, ತುಳಿಯುವುದಕ್ಕಾಗಿ ಭೂಮಿಯ ಕ್ಷಮೆ ಕೇಳುತ್ತಾರೆ. ಅದು ಮುಗಿದ ಮೇಲೆ ನಾನು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೋಗಿ, ಯಾರಿಗೆ ಎಲ್ಲಿ ಬ್ಯಾನಿ ಇದೆ ಎಂದು ಒಬ್ಬೊಬ್ಬರನ್ನೇ ಕೇಳುತ್ತೇನೆ. ಇದೆ ಎಂದವರನ್ನು ಅಂದು ಕುಣಿಸುವುದಿಲ್ಲ. ಅವರಲ್ಲಿ ಒಬ್ಬಿಬ್ಬರು ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಹೇಳಲಿ. ಆಸ್ಪತ್ರೆಯ ಮಂಚದ ಮೇಲೆ ಹುಡುಗಿಯೊಬ್ಬಳು ನನಗಾಗಿ ಹೇಳಿದ ಸುಳ್ಳನ್ನು ಕೇಳಿಸಿಕೊಂಡು ಸುಮ್ಮನಿದ್ದವಳು ನಾನು.